ಕೆಳಗಿನ ತೋಟದ ಪೀಪಾಯಿ

ಬಾಯಲ್ಲಿದ್ದುದನ್ನು ಉಗುಳಿದ ಮೇಲೂ ಅವನಿಗೆ ನಂಬಿಕೆ ಬರಲಿಲ್ಲ. ಗಾಜಿನ ಕೊಳವೆಯನ್ನು ಮತ್ತೆ ಪೀಪಾಯಿಯೊಳಕ್ಕೆ ಇಳಿಸಿ, ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಿ, ಲೋಟಕ್ಕೆ ಬಿಟ್ಟುಕೊಂಡು ಮೂಸಿದ. ಒದ್ದೆ ಸ್ಲೇಟಿನ ವಾಸನೆ. ಪೀಪಾಯಿಯ ಮುಖದ ಮೇಲೆ ಸೀಮೆಸುಣ್ಣದಲ್ಲಿ ‘ಮೇ’ ಎಂದು ಬರೆದಿತ್ತು, ಅವನದೇ ಕೈಬರಹ. ಮೇ ಎಂದರೆ ಮೇಲಿನ ತೋಟ. ಬೆಟ್ಟದ ನೆತ್ತಿಯಲ್ಲಿ ಮಾವನ ಅಪ್ಪ ನೆಟ್ಟ ದ್ರಾಕ್ಷಿ ಬಳ್ಳಿಗಳದ್ದು. ಆದರೆ ಒಳಗಿದ್ದ ವೈನು ಕೆಳಗಿನ ತೋಟದ್ದಾಗಿತ್ತು. ಮದುವೆಯಾದ ಹೊಸತರಲ್ಲಿ, ರಸ್ತೆಯ ಕೆಳಗಿನ ಯಾರಿಗೂ ಬೇಡವಾದ ಇಳಿಜಾರಿನಲ್ಲಿ, ಅವನೇ ಕಲ್ಲು ಕಿತ್ತು ನೆಟ್ಟ ಬಳ್ಳಿಗಳದ್ದು. ಪಕ್ಕದ ಕೋಣೆಯಲ್ಲಿ ಹೆಂಡತಿ ಕೆಮ್ಮಿದರೆ ಗೊತ್ತಾಗುವ ಹಾಗೆ ಅದರ ವಾಸನೆ ಅವನಿಗೆ ಗೊತ್ತು. ಈ ಸಲ ಕೆಳಗಿನ ತೋಟಕ್ಕೆ ಹಿಮ ಬಡಿದು, ಉಳಿದ ಹಣ್ಣಿನಲ್ಲಿ ಒಂದೇ ಒಂದು ಪೀಪಾಯಿ ತುಂಬಿತ್ತು. ಆ ಒಂದು ಪೀಪಾಯಿ ಸಾಲಿನ ಕೊನೆಯಲ್ಲಿ ‘ಕೆ’ ಎಂದು ಬರೆಸಿಕೊಂಡು ನಿಂತಿದೆ ಎಂದು ಅವನು ಇಷ್ಟು ದಿನ ತಿಳಿದಿದ್ದ. ಕೊನೆಯದರ ಬಿರಡೆಯನ್ನೂ ತೆಗೆದು ಮೂಸಿದ. ಅದು ಮೇಲಿನದು, ಅನುಮಾನವೇ ಇಲ್ಲ. ಎರಡರ ಹೆಸರೂ ಅದಲುಬದಲಾಗಿತ್ತು, ಬದಲಿಸಿದವನು ತಾನೇ. ಮೇಲೆ ಅಂಗಳದಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಇವತ್ತು ಮಾವ ರುಚಿ ನೋಡುವ ದಿನ.

ಆದದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಕಷ್ಟಪಡಬೇಕಾಗಿರಲಿಲ್ಲ. ಚಳಿಗಾಲದಲ್ಲಿ ಒಂದು ದಿನ ಪೀಪಾಯಿಗಳ ತಳದ ಮಡ್ಡಿ ತೆಗೆಯುತ್ತಾರೆ. ವೈನನ್ನು ಹೊರಗೆಳೆದು, ಪೀಪಾಯಿಗಳನ್ನು ಬಿಸಿನೀರಿನಲ್ಲಿ ತೊಳೆದು, ಮತ್ತೆ ತುಂಬುವುದು. ತೊಳೆದಾಗ ಸೀಮೆಸುಣ್ಣವೂ ಹೋಗುತ್ತದೆ, ತುಂಬಿದ ಮೇಲೆ ಹೊಸದಾಗಿ ಬರೆಯಬೇಕು. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಆದರೆ ಆ ದಿನ ಹೆಂಡತಿಯ ತಮ್ಮ, ಅಳತೆಪಟ್ಟಿ ಹಿಡಿದ ಒಬ್ಬನನ್ನು ಕರೆದುಕೊಂಡು ಬಂದು ನೆಲಮಾಳಿಗೆಯ ಬಾಗಿಲಲ್ಲಿ ಬೆಳಕಿಗೆ ಅಡ್ಡ ನಿಂತಿದ್ದ. ಕೆಳಗಿನ ತೋಟ ಕಿತ್ತರೆ ಕಾರು ನಿಲ್ಲಿಸಲು ಎಷ್ಟು ಜಾಗ, ಬಂದ ಪ್ರವಾಸಿಗರು ಉಳಿಯಲು ಎಷ್ಟು ಕೋಣೆ ಎಂದು ಇಬ್ಬರೂ ಲೆಕ್ಕ ಹಾಕುತ್ತಿದ್ದರು. ‘ಭಾವ, ನಿಮ್ಮ ಬಳ್ಳಿ ಇದ್ಯಲ್ಲ, ಆ ಜಾಗದಿಂದ ಕಣಿವೆ ಏನ್ ಚೆನ್ನಾಗಿ ಕಾಣುತ್ತೆ ಅಂತೀರಿ! ಇಷ್ಟು ವರ್ಷ ಸುಮ್ಮನೆ ಹಾಳು ಬಿಟ್ಟಿದ್ವಿ.’ ಹಾಳು ಬಿಟ್ಟಿದ್ದೆವು. ಅವನು ಪೀಪಾಯಿಗಳ ನಡುವೆ ಮಂಡಿಯೂರಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು, ಹೂಂ ಎಂದಿದ್ದ. ಆ ಮನೆಗೆ ಬಂದಾಗಿನಿಂದ ಅವನು ಆಡಿದ ಮಾತುಗಳನ್ನೆಲ್ಲ ಒಟ್ಟು ಹಾಕಿದರೆ ಅರ್ಧಕ್ಕಿಂತ ಹೆಚ್ಚು ಹೂಂಗಳೇ ಇರಬೇಕು. ಒಳಗೆ ಕುದಿಯುತ್ತಿತ್ತು, ಬಾಯಿ ಹೂಂ ಎನ್ನುತ್ತಿತ್ತು, ಕೈ ತನ್ನಷ್ಟಕ್ಕೆ ತಾನು ಏನೋ ಬರೆದಿತ್ತು. ಸಿಟ್ಟು ಬಂದಾಗ ಬೇರೆಯವರು ಬಾಗಿಲು ಬಡಿಯುತ್ತಾರೆ, ತಟ್ಟೆ ಎಸೆಯುತ್ತಾರೆ. ಇವನು ತಪ್ಪು ಅಕ್ಷರ ಬರೆದಿದ್ದ.

ತೋಟದ ಮಾತು ಮತ್ತೆ ಬಂದದ್ದು ಊಟದ ಮೇಜಿನಲ್ಲಿ. ಮಾವನ ಮಗ, ಹೆಂಡತಿಯ ಆ ತಮ್ಮ, ಕಾಗದ ಹರಡಿಕೊಂಡು ಕೋಣೆ, ಕಿಟಕಿ, ಮೆಟ್ಟಿಲು ಎಂದೆಲ್ಲ ತೋರಿಸುತ್ತಿದ್ದಾಗ ಮಾವ ಚಮಚ ಕೆಳಗಿಟ್ಟು, ‘ಈ ಸಲ ರುಚಿ ನೋಡೋ ದಿನ ಆ ಕೆಳಗಿನ ಪೀಪಾಯೀನ ನಾನು ನುಂಗಿದ್ರೆ ಬಳ್ಳಿ ಇರ್ಲಿ. ಉಗುಳಿದ್ರೆ ನಿನ್ನಿಷ್ಟ. ಅಲ್ಲೀವರ್ಗೂ ಈ ಕಾಗದ ಮಡಚಿಡು, ಸೂಪಲ್ಲಿ ನೆನೆಯುತ್ತೆ’ ಎಂದಿದ್ದರು. ಮಾವ ಹೇಳಿದ ಮೇಲೆ ಮುಗಿಯಿತು, ಅದನ್ನು ಮೀರುವ ಧೈರ್ಯ ಮಗನಿಗೂ ಇಲ್ಲ. ನುಂಗುವುದು, ಉಗುಳುವುದು ಎಂದರೆ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಮಾವ ಒಂದೊಂದು ಪೀಪಾಯಿಯಿಂದಲೂ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಬಕೆಟ್ಟಿಗೆ ಉಗುಳುತ್ತಾರೆ. ಮನೆಯ ಹೆಸರು ಹೊತ್ತ ಬಾಟಲಿಗೆ ಯೋಗ್ಯವಾದದ್ದನ್ನು ಮಾತ್ರ ನುಂಗುತ್ತಾರೆ. ನುಂಗಿದ ಪೀಪಾಯಿಗೆ ಸೀಮೆಸುಣ್ಣದ ಸುತ್ತು, ಉಗುಳಿದ್ದಕ್ಕೆ ಗೀಟು. ಗೀಟು ಬಿದ್ದದ್ದು ವ್ಯಾಪಾರಿಯ ಲಾರಿ ಹತ್ತಿ, ಊರೂರಿನ ವೈನಿನ ಜೊತೆ ಕಲೆತು, ಹೆಸರಿಲ್ಲದೆ ಎಲ್ಲೋ ಖರ್ಚಾಗುತ್ತದೆ. ಕೆಳಗಿನ ತೋಟದ್ದನ್ನು ಮಾವ ಒಮ್ಮೆಯೂ ನುಂಗಿರಲಿಲ್ಲ. ಉಗುಳುವುದರಲ್ಲೂ ವ್ಯತ್ಯಾಸವಿತ್ತು: ಬೇರೆಯದನ್ನು ಬಾಯಲ್ಲಿ ಮುಕ್ಕಳಿಸಿ, ಯೋಚಿಸಿ, ಬಗ್ಗಿ ಉಗುಳುತ್ತಿದ್ದರು; ಇವನದನ್ನು ತುಟಿ ದಾಟಿದ ಕೂಡಲೇ, ಗೋಡೆಯ ಕಡೆ ಮುಖ ತಿರುಗಿಸಿ. ಆ ಮುದಿ ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬರುವುದನ್ನು ನೋಡಲು ಅವನು ವರ್ಷದಿಂದ ವರ್ಷಕ್ಕೆ ಕಾದಿದ್ದ. ಇಷ್ಟು ದೊಡ್ಡ ಗಂಡಸು ಇನ್ನೊಬ್ಬರ ಗಂಟಲನ್ನು ಹೀಗೆ ನೋಡುತ್ತಾ ನಿಲ್ಲುವುದು ಎಂಥ ಅಸಹ್ಯ ಎಂದು ತನಗೇ ಅನ್ನಿಸಿದ್ದಿದೆ. ಆದರೂ ನೋಡಿದ್ದ.

ಈಗ ಒದ್ದೆ ಬಟ್ಟೆ ತೆಗೆದುಕೊಂಡು ಎರಡು ಅಕ್ಷರ ಒರೆಸಿ ಎರಡು ಅಕ್ಷರ ಬರೆದರೆ ಕೆಲಸ ಮುಗಿಯಿತು. ಬಟ್ಟೆಯನ್ನು ತೆಗೆದುಕೊಂಡ, ಹಿಂಡಿದ, ಪೀಪಾಯಿಯ ಮುಂದೆ ನಿಂತ. ಆಗ ಆ ಯೋಚನೆ ಬಂತು. ಬಂತೇನು, ಮೂಸಿದ ಕ್ಷಣದಿಂದಲೇ ಅಲ್ಲಿ ಕೂತಿತ್ತು, ಅವನು ನೋಡದವನ ಹಾಗೆ ನಟಿಸಿದ್ದ ಅಷ್ಟೇ. ಸುಮ್ಮನಿದ್ದುಬಿಟ್ಟರೆ? ‘ಕೆ’ ಎಂದು ಬರೆದದ್ದರಲ್ಲಿ ಮೇಲಿನ ತೋಟದ ವೈನಿದೆ. ಅದನ್ನು ಮಾವ ನುಂಗದೆ ಇರುವುದುಂಟೆ? ಹುಟ್ಟಿದಾಗಿನಿಂದ ಬಾಯಿಗೆ ಅಂಟಿದ ರುಚಿ. ನುಂಗುತ್ತಾರೆ, ಸುತ್ತು ಬೀಳುತ್ತದೆ, ತೋಟ ಉಳಿಯುತ್ತದೆ. ಪಕ್ಕದ್ದಕ್ಕೆ ಗೀಟು ಬಿದ್ದರೆ ಬೀಳಲಿ, ಒಂದು ಪೀಪಾಯಿ ಹೋದರೆ ಮುಳುಗುವ ಮನೆಯಲ್ಲ ಇದು. ತಾನು ಮೋಸ ಮಾಡುತ್ತಿಲ್ಲ, ಚಳಿಗಾಲದಲ್ಲಿ ಆದ ತಪ್ಪನ್ನು ಇವತ್ತು ಬೆಳಿಗ್ಗೆ ನೋಡಲಿಲ್ಲ, ಅಷ್ಟೇ. ಸುಮ್ಮನಿರುವುದರಲ್ಲಿ ಅವನಷ್ಟು ಪಳಗಿದವರು ಈ ಬೆಟ್ಟದಲ್ಲಿ ಯಾರಿದ್ದಾರೆ? ಹೀಗೆಲ್ಲ ವಾದ ಹೂಡುತ್ತಿರುವಾಗಲೇ ಇನ್ನೊಂದು ಸಂಗತಿ ತಟ್ಟನೆ ಹೊಳೆದು ಅವನಿಗೆ ನಾಚಿಕೆಯಾಯಿತು: ತನ್ನ ವೈನನ್ನು ತನ್ನ ಹೆಸರಿನಲ್ಲೇ ಇಟ್ಟರೂ ಮಾವ ನುಂಗಬಹುದು ಎಂಬ ಸಾಧ್ಯತೆ ಒಂದು ಕ್ಷಣವೂ ಅವನ ತಲೆಗೆ ಬಂದಿರಲಿಲ್ಲ. ಅವರೆಲ್ಲ ಹೇಳಿ ಹೇಳಿ, ಅದು ಕೀಳು ಎಂದು ಅವನೂ ಯಾವಾಗಲೋ ಒಪ್ಪಿಕೊಂಡಿದ್ದ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಹೆಂಡತಿ ಲೋಟಗಳ ತಟ್ಟೆ ಹಿಡಿದು ಇಳಿದು ಬಂದಳು. ‘ಅಪ್ಪ ಬರ್ತಿದ್ದಾರೆ. ಯಾಕೆ ಮುಖ ಹಾಗಿದೆ?’ ಎಂದಳು. ‘ಏನಿಲ್ಲ, ಇಲ್ಲಿ ಥಂಡಿ’ ಎಂದ. ಒದ್ದೆ ಬಟ್ಟೆಯ ನೀರು ತೊಡೆಯ ಮೇಲೆ ಇಳಿಯತೊಡಗಿತ್ತು.

ಮಾವ ಕೋಲೂರಿಕೊಂಡು, ಹಳೆಯ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಬಂದರು. ಹಿಂದೆಯೇ ಮಗ, ಕೈಯಲ್ಲಿ ಫೋನು. ‘ಏನು, ಅಳಿಯಂದಿರು ಸ್ನಾನ ಮಾಡಿದಾರೋ, ಇಲ್ಲಾ ಪೀಪಾಯಿಗೆ ಮಾತ್ರ ಸ್ನಾನವೋ?’ ಎಂದರು ಮಾವ. ಎಲ್ಲರೂ ನಕ್ಕರು, ಅವನೂ ನಕ್ಕ. ಅಳಿಯಂದಿರು ಎಂದು ಬಹುವಚನದಲ್ಲಿ ಕರೆಯುತ್ತಾ ಮಾವ ಅವನನ್ನು ಇಷ್ಟು ವರ್ಷ ಅಂಗಳದಲ್ಲೇ ನಿಲ್ಲಿಸಿದ್ದರು; ಮನೆಯವನನ್ನು ಯಾರೂ ಅಷ್ಟು ಮರ್ಯಾದೆಯಿಂದ ಮಾತಾಡಿಸುವುದಿಲ್ಲ. ವೈನು ಕೊಳ್ಳಲು ಬಂದವರಿಗೆ, ‘ಇವರು ನಮ್ಮ ಮಗಳ ಯಜಮಾನರು, ನೆಲಮಾಳಿಗೆ ನೋಡ್ಕೋತಾರೆ’ ಎಂದು ಪರಿಚಯ ಮಾಡಿಸುತ್ತಿದ್ದರು. ಬಂದವರಲ್ಲೊಬ್ಬ ಹೋಗುವಾಗ ಅವನ ಕೈಗೆ ಭಕ್ಷೀಸು ತುರುಕಿದ್ದ. ಅವನು ತೆಗೆದುಕೊಂಡಿದ್ದ ಕೂಡ, ಬೇಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತಲ್ಲ. ಮಾವ ಸಾಲಿನ ಮೊದಲಿನಿಂದ ಶುರು ಮಾಡಿದರು. ಪ್ರತಿ ಪೀಪಾಯಿಯ ಮುಂದೆ ನಿಂತು, ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಅಕ್ಷರ ಓದುವುದು, ಅವನು ಕೊಳವೆಯಿಂದ ಲೋಟಕ್ಕೆ ಬಿಡುವುದು, ಅವರು ಬಾಯಿಗೆ ಹಾಕಿಕೊಳ್ಳುವುದು. ಒಂದಕ್ಕೆ ಸುತ್ತು, ಒಂದಕ್ಕೆ ಗೀಟು, ಮತ್ತೆ ಸುತ್ತು. ಅವರ ಹಿಂದೆ ಉಳಿದವರೂ ಒಂದೊಂದು ಗುಟುಕು ನೋಡುತ್ತಿದ್ದರು, ಆದರೆ ಮಾವನ ಮುಖ ನೋಡಿದ ಮೇಲೆಯೇ ತಮಗೆ ಹೇಗನ್ನಿಸಿತು ಎಂದು ತೀರ್ಮಾನಿಸುತ್ತಿದ್ದರು. ಈಗಲೂ ಹೇಳಬಹುದು, ಈಗಲೂ, ಎಂದುಕೊಳ್ಳುತ್ತಾ ಅವನು ಮುಂದಿನ ಪೀಪಾಯಿಗೆ ಸರಿಯುತ್ತಿದ್ದ.

ಬೆಳಿಗ್ಗೆ ಅವನು ಮೂಸಿದ್ದ ಆ ಕೊನೆಯ ‘ಮೇ’ಯ ಮುಂದೆ ಮಾವ ನಿಂತರು. ಅಕ್ಷರ ಓದಿದರು. ಲೋಟವನ್ನು ಬೆಳಕಿಗೆ ಹಿಡಿದರು, ಮೂಸಿದರು, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ನುಂಗಿದರು. ಗಂಟಲಮಣಿ ಮೇಲೆ ಹೋಯಿತು, ಕೆಳಗೆ ಬಂತು. ಲೋಟದಲ್ಲಿ ಉಳಿದದ್ದನ್ನೂ ಕುಡಿದು, ‘ಇದು. ಇದು ನೋಡ್ರೋ. ಇಡೀ ಸಾಲಿನಲ್ಲಿ ಇದಕ್ಕೆ ಸಾಟಿ ಇಲ್ಲ. ನಮ್ಮಪ್ಪನ ಕೈ ಇದರಲ್ಲಿದೆ’ ಎಂದರು. ಅವನ ಕಣ್ಣಿಗೆ ನೀರು ಬಂದಿತು. ಕೊಳವೆಯನ್ನು ಒರೆಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿದ. ನುಂಗಿದರು. ಅವರಪ್ಪನ ಕೈಯಲ್ಲ, ತನ್ನ ಕೈ. ಆ ಇಳಿಜಾರಿನ ಕಲ್ಲು, ತನ್ನ ಬೆನ್ನು ನೋವು, ಒಬ್ಬನೇ ಮಾತಾಡಿಕೊಂಡು ಬಳ್ಳಿ ಕತ್ತರಿಸಿದ ಅಷ್ಟೊಂದು ಬೆಳಗುಗಳು ಆ ಗಂಟಲಿನೊಳಕ್ಕೆ ಇಳಿದು ಹೋಗಿದ್ದವು. ಹಾಗಾದರೆ ಅದು ಕೀಳಲ್ಲ. ಮಾವನ ನಾಲಿಗೆ ಪ್ರಾಮಾಣಿಕ, ಈ ಸಲ ವೈನು ಚೆನ್ನಾಗಿ ಬಂದಿದೆ, ಅವರು ಒಪ್ಪಿದ್ದಾರೆ. ಲೇವಡಿ, ಭಕ್ಷೀಸು, ಹೂಂಗಳು ಎಲ್ಲವನ್ನೂ ಮಾಫಿ ಮಾಡಿಬಿಡಬಹುದು ಎನ್ನಿಸಿತು. ಈಗಲೇ ಹೇಳಿಬಿಡಬೇಕು, ನಗುತ್ತಾ ಹೇಳಬಹುದಾದ ಮಾತೇ ಇದು ಎಂದು ಬಾಯಿ ತೆರೆಯುವಷ್ಟರಲ್ಲಿ ಮಾವ ಕೊನೆಯ ಪೀಪಾಯಿಗೆ ಹೋಗಿ ಬಗ್ಗಿ, ‘ಕೆ’ ಎಂದು ಗಟ್ಟಿಯಾಗಿ ಓದಿದರು. ಇರಲಿ, ಇದನ್ನೂ ನುಂಗಲಿ, ಆಮೇಲೆ ಹೇಳೋಣ ಎಂದು ಲೋಟಕ್ಕೆ ಬಿಟ್ಟುಕೊಟ್ಟ. ಮಾವ ಲೋಟ ತುಟಿಗೆ ತಾಗಿಸಿದವರೇ ಗೋಡೆಯ ಕಡೆ ಮುಖ ತಿರುಗಿಸಿ ಉಗುಳಿದರು. ‘ಅದೇ ಗೋಳು. ನೀರು ನೀರು. ಹಸಿ ಮಣ್ಣು ನೆಕ್ಕಿದ ಹಾಗೆ.’

ಉಗುಳಿದ್ದು ಅವರ ಅಪ್ಪನ ಬಳ್ಳಿಗಳನ್ನು. ಅವನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಒಮ್ಮೆಲೇ ಅರ್ಥವಾಯಿತು. ಮಾವ ರುಚಿ ನೋಡಿರಲಿಲ್ಲ, ಅಕ್ಷರ ನೋಡಿದ್ದರು. ಒಂದು ನಿಮಿಷದ ಹಿಂದೆ ನುಂಗಿದ್ದೂ ಅಕ್ಷರವನ್ನೇ. ಕೊಟ್ಟದ್ದನ್ನು ಕೈಗೆ ತಾಗುವ ಮೊದಲೇ ಕಿತ್ತುಕೊಂಡ ಹಾಗಾಯಿತು. ಮಗ ಫೋನು ಎತ್ತಿ, ‘ಹಾಗಾದ್ರೆ ನಾಳೆ ಬಳ್ಳಿ ಕೀಳೋ ಮಷೀನಿನವನಿಗೆ ಬರೋಕೆ ಹೇಳ್ಲಾ ಅಪ್ಪಾ?’ ಎಂದ. ಗೀಟು ಎಳೆಯುತ್ತಲೇ, ‘ಹೇಳು. ಮಾತು ಮಾತೇ’ ಎಂದರು ಮಾವ. ‘ಮಾವ’ ಎಂದ ಅವನು. ದನಿ ಬೇಕಾದದ್ದಕ್ಕಿಂತ ಜೋರಾಗಿ ಬಂದುಬಿಟ್ಟಿತು. ಮೂವರೂ ತಿರುಗಿ ನೋಡಿದರು. ಹೇಳಿದರೆ ಮೊದಲ ಪ್ರಶ್ನೆ, ನಿನಗೆ ಯಾವಾಗ ಗೊತ್ತಾಯಿತು ಎಂಬುದು. ಬೆಳಿಗ್ಗೆ. ಬೆಳಿಗ್ಗೆ ಗೊತ್ತಾಗಿ ಯಾಕೆ ಸುಮ್ಮನಿದ್ದೆ? ಮಾವ ಕಾಯುತ್ತಿದ್ದರು, ಹುಬ್ಬು ಮೇಲೇರಿತ್ತು. ‘ಮೆಟ್ಟಿಲು ಒದ್ದೆ ಇದೆ. ನೋಡ್ಕೊಂಡು ಹತ್ತಿ’ ಎಂದ.

ಹೆಂಡತಿಗೆ ಹೇಳಿದ್ದು ಅಡುಗೆಮನೆಯಲ್ಲಿ, ಅವಳು ಲೋಟ ತೊಳೆಯುತ್ತಿದ್ದಾಗ. ಹೇಳುವಾಗ ತನ್ನ ಬೆಳಗಿನ ಯೋಚನೆಯನ್ನೂ ಮುಚ್ಚಿಡಲಿಲ್ಲ. ಅವಳು ಬೆಚ್ಚಿಬೀಳಬಹುದು, ಬೈಯಬಹುದು ಎಂದುಕೊಂಡಿದ್ದ. ಅವಳು ಒಂದು ಲೋಟವನ್ನು ಬೋರಲು ಹಾಕಿ ಇನ್ನೊಂದನ್ನು ಎತ್ತಿಕೊಂಡಳು. ‘ಮೊನ್ನೆ ಸೂಪಿಗೆ ಉಪ್ಪು ಹಾಕೋದೇ ಮರ್ತಿದ್ದೆ. ನೀನು ಮುಖ ಸಿಂಡರಿಸಿದೆ. ಅಪ್ಪ ಚೆನ್ನಾಗಿದೆ ಅಂತ ಇನ್ನೊಂದು ಬಟ್ಟಲು ಹಾಕಿಸ್ಕೊಂಡ್ರು’ ಎಂದಳು. ಅವನಿಗೆ ನೆನಪಾಯಿತು. ‘ಯಾವಾಗಿಂದ?’ ‘ಅಮ್ಮ ಹೋದಾಗ ಅಪ್ಪಂಗೆ ಜ್ವರ ಬಂತಲ್ಲ, ಆವಾಗಿಂದ. ಸಿಹಿ, ಖಾರ ಸ್ವಲ್ಪ ಗೊತ್ತಾಗುತ್ತೆ ಅನ್ಸುತ್ತೆ. ವಾಸನೆ ಅಂತೂ ಏನೂ ಇಲ್ಲ. ಹಾಲು ಸೀದು ಮನೆಯೆಲ್ಲಾ ಹೊಗೆ ತುಂಬಿದ್ರೂ ಪಕ್ಕದಲ್ಲೇ ಕೂತಿದ್ರು.’ ‘ನಂಗ್ಯಾಕೆ ಹೇಳ್ಲಿಲ್ಲ ನೀನು?’ ಅವನ ದನಿ ಕೀರಲಾಯಿತು. ಅವಳು ಈಗ ಮೊದಲ ಸಲ ಅವನ ಕಡೆ ತಿರುಗಿದಳು. ‘ವರ್ಷಾ ವರ್ಷಾ ನೀನು ಈ ದಿನ ಇಸ್ತ್ರಿ ಮಾಡಿದ ಅಂಗಿ ಕೇಳಿ ಹಾಕ್ಕೊಂಡು ಕೆಳಗಿಳೀತಿದ್ದೆ. ಹೇಗೆ ಹೇಳ್ಲಿ?’ ಅವನು ತನ್ನ ಅಂಗಿ ನೋಡಿಕೊಂಡ. ಇವತ್ತಿನದಕ್ಕೂ ಇಸ್ತ್ರಿಯ ಗೆರೆ ನೆಟ್ಟಗೆ ನಿಂತಿತ್ತು. ಅಂದರೆ ಇವಳು ವರ್ಷಗಳಿಂದ, ಅಲ್ಲಿ ಕೆಳಗೆ ಕಾಯುವಂಥದ್ದು ಏನೂ ಇಲ್ಲ ಎಂದು ಗೊತ್ತಿದ್ದೂ, ಅಂಗಿಗೆ ಇಸ್ತ್ರಿ ಮಾಡಿ ಕೊಟ್ಟಿದ್ದಾಳೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಹಳ ಸುಸ್ತಾಯಿತು. ಅದಕ್ಕೂ ಮೊದಲು, ಮಾವನ ನಾಲಿಗೆ ನೆಟ್ಟಗಿದ್ದ ಕಾಲದಲ್ಲಿ ಉಗುಳಿದರಲ್ಲ, ಅದು ನಿಜವಾಗಿ ಕೆಟ್ಟದಾಗಿತ್ತೋ, ಇಲ್ಲಾ ಆಗಲೂ ಬರೀ ಅಕ್ಷರವೋ? ಇನ್ನು ಅದನ್ನು ಹೇಳುವವರು ಯಾರೂ ಇಲ್ಲ.

‘ನಿನ್ನ ತಮ್ಮಂಗೆ ಗೊತ್ತಾ?’ ಎಂದ. ‘ಗೊತ್ತಿದ್ರೆ ಬಿಡ್ತಿದ್ನಾ? ಮಾರನೇ ದಿನಾನೇ ಅಪ್ಪನ ಕೈಯಿಂದ ಲೋಟ ಕಿತ್ಕೊಂಡು, ನೀವಿನ್ನು ಬಿಸಿಲಲ್ಲಿ ಕೂತ್ಕೊಳ್ಳಿ ಅಂತಿದ್ದ. ಅಪ್ಪಂಗೆ ಇರೋದು ಅದೊಂದೇ.’ ಕೈ ಒರೆಸಿಕೊಳ್ಳುತ್ತಾ ಅವಳು ತಗ್ಗಿದ ದನಿಯಲ್ಲಿ, ‘ಹೇಳೋದಾದ್ರೆ ಹೇಳು. ತೋಟ ನಿಂದು. ಕಲ್ಲು ಕಿತ್ತೋನು ನೀನು. ಹೇಳಿದ್ರೆ ಅಪ್ಪ ಮಾತಿಗೆ ತಪ್ಪಲ್ಲ, ಬಳ್ಳಿ ಉಳಿಯುತ್ತೆ. ನಾನು ತಡೆಯಲ್ಲ’ ಎಂದಳು. ಬೇಡ ಎಂದಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ಅವಳಿಗಾಗಿ ಬಿಟ್ಟೆ ಎಂದುಕೊಂಡು ಬದುಕಿರುವವರೆಗೂ ಅವಳನ್ನು ಬೈದುಕೊಂಡಿರಬಹುದಿತ್ತು. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದೂ ಗೊತ್ತಿರಬೇಕು.

ಹೇಳಿಯೇಬಿಡುವುದೆಂದು ಅವನು ಹೊರಗೆ ಬಂದ. ಬಿಸಿಲು ಕಣ್ಣಿಗೆ ಚುಚ್ಚಿತು. ಅಂಗಳದ ಅಂಚಿನಿಂದ ಕೆಳಗಿನ ತೋಟ ಪೂರ್ತಿ ಕಾಣುತ್ತಿತ್ತು. ಈಗತಾನೆ ಚಿಗುರಿದ ಸಾಲುಗಳ ನಡುವೆ ಅಳತೆಯವನು ನೆಟ್ಟ ಗೂಟಗಳು, ಅವುಗಳ ತುದಿಗೆ ಕೆಂಪು ಪಟ್ಟಿ. ನೆಡುವಾಗ ಪ್ರತಿ ಗುಂಡಿಯಲ್ಲೂ ಕಲ್ಲು ಸಿಕ್ಕಿತ್ತು. ಆಗ ಹೆಂಡತಿ ಮಧ್ಯಾಹ್ನ ಊಟ ತಂದು, ಅವನು ಪೇರಿಸಿದ ಕಲ್ಲಿನ ಮೇಲೆ ಕೂತು, ‘ಇಲ್ಲಿ ಕಲ್ಲು ಬೆಳೆಯುತ್ತೆ, ಬೇರೇನೂ ಬೆಳೆಯಲ್ಲ’ ಎಂದು ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತು. ತನಗೆ ಬೇಕಾಗಿದ್ದದ್ದು ತೋಟವೋ, ಆ ಗಂಟಲಿನ ಒಪ್ಪಿಗೆಯೋ ಎಂದು ಕೇಳಿಕೊಂಡ. ತೋಟ ಎಂದೇ ಉತ್ತರ ಬಂತು, ಆದರೆ ಸ್ವಲ್ಪ ತಡವಾಗಿ ಬಂತು. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ: ಮಾವ, ಚಳಿಗಾಲದಲ್ಲಿ ನನ್ನಿಂದ ಒಂದು ತಪ್ಪಾಗಿದೆ.

ಮಾವ ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೂತಿದ್ದರು. ಕುಡಿದದ್ದಕ್ಕೋ ಬಿಸಿಲಿಗೋ ಕೆನ್ನೆ ಕೆಂಪಾಗಿತ್ತು. ಸ್ವಲ್ಪ ಆಚೆ ಮಗ ಓಡಾಡುತ್ತಾ ಮಷೀನಿನವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ‘ಬಾ, ಕೂತ್ಕೋ’ ಎಂದರು ಮಾವ. ಅವನು ಹಿಂದೆ ತಿರುಗಿ ನೋಡಿದ, ಮಗನನ್ನು ಕರೆದರೇನೋ ಎಂದು. ‘ನಿನ್ನನ್ನೇ ಕಣಯ್ಯ.’ ಕೂತ. ‘ಬೇಜಾರಾಯ್ತಾ?’ ಎಂದು ಕೇಳಿದರು. ಅವನು ಕೆಳಗಿನ ತೋಟದ ಕಡೆ ನೋಡಿದ. ‘ಬೇಕಂತ ಮಾಡಿದ್ದಲ್ಲ. ಈ ಸಲ ಹೇಗಾದ್ರೂ ನುಂಗಿಬಿಡೋಣ ಅಂತಾನೇ ಲೋಟ ತಗೊಂಡೆ, ಮಗಳ ಮುಖ ನೋಡಿ. ಆದ್ರೆ ನಾಲಿಗೆ ಒಪ್ಪಲಿಲ್ಲ. ಏನ್ ಮಾಡ್ಲಿ ಹೇಳು, ನಾಲಿಗೆಗೆ ಸುಳ್ಳು ಹೇಳೋಕೆ ಬರಲ್ಲ.’

‘ಮಾವ,’ ಎಂದ ಅವನು. ‘ಆ ಪೀಪಾಯಿ...’

‘ಯಾವುದು, ಆ ಮೇಲಿನ ತೋಟದ್ದಾ?’ ಮಾವ ಪೂರ್ತಿ ಅವನ ಕಡೆ ತಿರುಗಿದರು. ‘ಅಬ್ಬಾ! ಬಾಯಿಗೆ ಹಾಕ್ಕೊಂಡೆ ನೋಡು, ನಮ್ಮಪ್ಪ ಎದುರಿಗೆ ಬಂದು ನಿಂತ ಹಾಗಾಯ್ತು. ನಿಜ ಹೇಳ್ತೀನಿ, ಯಾರ ಹತ್ರಾನೂ ಹೇಳಿಲ್ಲ, ಈಚೆಗೆ ಕೆಲವು ವರ್ಷದಿಂದ ನಂಗೆ ಅನುಮಾನ ಬಂದಿತ್ತು. ನಾಲಿಗೆ ಹೋಯ್ತೇನೋ ಅಂತ. ಎಲ್ಲಾ ಒಂದೇ ಥರ ಅನ್ಸೋದು. ರಾತ್ರಿಯೆಲ್ಲಾ ನಿದ್ದೆ ಇಲ್ಲದೆ ಒದ್ದಾಡಿದೀನಿ. ಇವತ್ತು ಗೊತ್ತಾಯ್ತು, ಹೋಗಿಲ್ಲ. ಇದೆ.’ ಮುದುಕನ ಕಣ್ಣಂಚು ಒದ್ದೆಯಾಗಿತ್ತು. ಕೋಟಿನ ತೋಳಿನಿಂದ ಒರೆಸಿಕೊಂಡು ನಕ್ಕರು. ‘ನೀನೂ ಕುಡಿದ್ಯಲ್ಲ. ಹೇಗಿತ್ತು?’

‘ಚೆನ್ನಾಗಿತ್ತು.’

‘ಚೆನ್ನಾಗಿತ್ತಂತೆ! ನೀರು ಚೆನ್ನಾಗಿದೆ, ಗಾಳಿ ಚೆನ್ನಾಗಿದೆ ಅಂದ ಹಾಗೆ. ಎದೆ ಮುಟ್ಕೊಂಡು ಹೇಳು, ಅಂಥದ್ದೊಂದು ನಿನ್ನ ಕೈಯಲ್ಲಿ ಆಗ್ತಿತ್ತಾ?’

ಫೋನು ಮುಗಿಸಿದ ಮಗ ಹತ್ತಿರ ಬಂದು, ಉತ್ತರ ಕೇಳಲು ನಿಂತಿದ್ದ. ಮಾವನ ಮುಖದಲ್ಲಿ ಎಂದಿನ ಲೇವಡಿಯ ನಗು ಇತ್ತು, ಆದರೆ ಕಣ್ಣು ನಗುತ್ತಿರಲಿಲ್ಲ, ಅವು ಕಾಯುತ್ತಿದ್ದವು. ಹೀಗೆ ಕಾಯುವುದು ಹೇಗಿರುತ್ತದೆ ಎಂದು ಅವನಿಗೆ ಬಹಳ ಚೆನ್ನಾಗಿ ಗೊತ್ತಿತ್ತು. ಜೋಡಿಸಿಕೊಂಡು ಬಂದಿದ್ದ ವಾಕ್ಯ ಬಾಯಲ್ಲೇ ಇತ್ತು. ಈ ಕ್ಷಣ ತನ್ನಲ್ಲಿರುವುದು ಕರುಣೆಯೋ ಹೇಡಿತನವೋ ತಿಳಿಯಲಿಲ್ಲ, ತಿಳಿದುಕೊಳ್ಳುವಷ್ಟು ಹೊತ್ತೂ ಇರಲಿಲ್ಲ.

‘ಇಲ್ಲ ಮಾವ,’ ಎಂದ. ‘ನನ್ನ ಕೈಯಲ್ಲಿ ಆಗ್ತಿರಲಿಲ್ಲ.’

ಮಾವ ಗಟ್ಟಿಯಾಗಿ ನಕ್ಕರು. ಮಗನೂ ನಕ್ಕ. ‘ಅದನ್ನೆಲ್ಲ ಮನಸ್ಸಿಗೆ ಹಚ್ಕೋಬಾರ್ದು. ಎಲ್ಲರಿಗೂ ಎಲ್ಲಾ ಬರಲ್ಲ. ಬರದಿದ್ರೆ ಏನಾಯ್ತು, ನಮ್ಮ ಮನೆಯವನು ತಾನೇ ನೀನು’ ಎಂದು ಮಾವ ಅವನ ಮಂಡಿಯ ಮೇಲೆ ಕೈಯಿಟ್ಟರು. ಆ ಮನೆಗೆ ಬಂದಾಗಿನಿಂದ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು. ಕೈ ತುಂಬಾ ಹಗುರವಾಗಿತ್ತು. ಅವರು ತಾವಾಗಿ ತೆಗೆಯುವವರೆಗೂ ಅವನು ಕಾಲು ಅಲುಗಿಸದೆ ಕೂತಿದ್ದ.